ಅಜೇಲಿಯಾಕ್ಕೆ ನಾನು ಮಾಡಿದ ಪಂಜರ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಬೋಗಾದಿಯ ಹೊಸ ಬಡಾವಣೆಗಳಲ್ಲಿ ನಾನು ಮಾಡಿದ ಗೇಟುಗಳು ಅಲ್ಲಿನ ಮನೆಗಳಿಗಿಂತ ಗಟ್ಟಿ. ಜಂಬಕ್ಕೆ ಹೇಳುತ್ತಿಲ್ಲ, ಗೋಡೆಗಳ ಬಿರುಕನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಊಟಿಯ ಬಂಗಲೆಯೊಂದಕ್ಕೆ ಗೇಟ್ ಕೂರಿಸಲು ಹೋದಾಗ ಅಲ್ಲಿಯ ಮಾಲಿ ಮೊಗ್ಗು ತುಂಬಿದ ಅಜೇಲಿಯಾ ಕುಂಡವೊಂದನ್ನು ಕೊಟ್ಟ. ಹೂವಿರುವಾಗ ಸುಡುಬಿಸಿಲಿಗೆ ಇಡಬಾರದು, ಮಣ್ಣು ಒಣಗಬಾರದು, ಸುಣ್ಣ ಸೋಕಬಾರದು. ಹೂ ಬಾಡಿದ ಕೂಡಲೇ ಒಂದೊಂದನ್ನೂ ಚಿವುಟಿ ತೆಗೆಯಬೇಕು. ಹಾಗೇ ಬಿಟ್ಟರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತದೆ ಎಂದ.

ಕುಂಬಾರಕೊಪ್ಪಲಿನ ನಮ್ಮ ಜಗುಲಿಯಲ್ಲಿ ಗಿಡ ಗುಲಾಬಿ ಬಣ್ಣಕ್ಕೆ ತಿರುಗಿತು. ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ನೋಡಿದರು.

"ಊಟಿ ಗಿಡ ಕಣಯ್ಯಾ ಇದು. ಮೈಸೂರಲ್ಲಿ ಎರಡನೇ ಸಲ ಹೂ ಬಿಡಲ್ಲ."

"ಮುಂದಿನ ಶಿವರಾತ್ರಿಗೆ ಇಲ್ಲೇ ಬಿಡ್ಸಿ ತೋರಿಸ್ತೀನಿ ಮೇಷ್ಟ್ರೇ, ನೋಡ್ತಿರಿ."

ಬೀದಿಯವರೆಲ್ಲ ಕೇಳಿಸಿಕೊಂಡರು. ಇನ್ನು ಗಿಡ ಹೂ ಬಿಡಲೇಬೇಕು. ಇಲ್ಲದಿದ್ದರೆ ನಾನು ಬೇರೆ ಬೀದಿಯಲ್ಲಿ ಓಡಾಡಬೇಕು.

ತುಳಸಿ ಕುಂಡಕ್ಕೆ ಬಳಿದಂತೆ ಇದಕ್ಕೂ ಕೆಮ್ಮಣ್ಣು, ಸುಣ್ಣದ ಪಟ್ಟೆ ಬಳಿಯಲು ನನ್ನ ಹೆಂಡತಿ ಬಂದಳು. ತಡೆದೆ. ಮೇಷ್ಟ್ರನ್ನು ತಡೆಯುವುದು ಅಷ್ಟು ಸುಲಭವಿರಲಿಲ್ಲ. ಬೆಳಗಿನ ವಾಕಿಂಗಿಗೆ ಅವರ ಕೈಯಲ್ಲಿ ಪ್ಲಾಸ್ಟಿಕ್ ಕವರ್, ತುದಿಗೆ ತಂತಿ ಕೊಕ್ಕೆ ಕಟ್ಟಿದ ಕೋಲು. ಕಂಡವರ ಕಾಂಪೌಂಡಿನ ಹೂ, ತಮ್ಮ ಮನೆ ದೇವರಿಗೆ. ಪುಣ್ಯ ಯಾರ ಖಾತೆಗೆ ಹೋಗುತ್ತಿತ್ತೋ ಗೊತ್ತಿಲ್ಲ.

"ಪೂಜೆಗೆ ಕಿತ್ರೆ ಕಳ್ಳತನ ಅಲ್ಲ ಕಣಯ್ಯಾ," ಅಂದರು.

ನಾನು ಕಬ್ಬಿಣದ ಸರಳಿನಲ್ಲಿ ಪಂಜರ ಮಾಡಿ, ಕುಂಡವನ್ನು ಒಳಗಿಟ್ಟು, ಕಿಟಕಿಯ ಗ್ರಿಲ್ಲಿಗೇ ವೆಲ್ಡ್ ಮಾಡಿಬಿಟ್ಟೆ. ಬಾಗಿಲು ಇಡಲಿಲ್ಲ. ಬಾಗಿಲಿದ್ದರೆ ತಾನೇ ತೆಗೆಯುವುದು? ಆದರೂ ಮೇಷ್ಟ್ರ ಕೊಕ್ಕೆ ಸರಳುಗಳ ಸಂದಿಯಲ್ಲಿ ನುಗ್ಗಿ, ಬೀದಿ ಕಡೆಯ ಹೂಗಳನ್ನೆಲ್ಲ ಎಳೆಯಿತು. ಮನೆ ಕಡೆಯವು ಅದಕ್ಕೆ ಎಟುಕಲಿಲ್ಲ, ನನಗದೇ ಗೆಲುವು.

ಆಮೇಲೆ ಮನೆ ಕಡೆಯ ಆ ಹೂಗಳು ಬಾಡಿದವು. ನೆನೆದ ಕಾಗದದ ಹಾಗೆ ಕೊಂಬೆಗೆ ಅಂಟಿಕೊಂಡವು. ಸಂದಿಯಲ್ಲಿ ನನ್ನ ಕೈ ತೂರಲಿಲ್ಲ.

"ಆ ಪಂಜರ ಕುಯ್ದಾಕ್ರೀ," ಅಂದಳು ಹೆಂಡತಿ.

"ನಾನ್ ಹಾಕಿದ್ ಬೆಸುಗೆ ನಾನೇ ಕುಯ್ಯದಾ?"

"ಹಂಗಾದ್ರೆ ಮೇಷ್ಟ್ರ ಕೋಲಾದ್ರೂ ಇಸ್ಕೊಂಬನ್ನಿ."

ದುಡಿದು ತಿನ್ನುವ ಕೈಯಲ್ಲಿ ಕಳ್ಳಕೊಕ್ಕೆಯೇ? ಪೈಪಿನಲ್ಲಿ ನೀರು ಬಿಡುತ್ತ ವರ್ಷ ಕಳೆದೆ.

ಶಿವರಾತ್ರಿ ಬಂತು. ಗಿಡ ಹೂ ಬಿಟ್ಟಿತು, ಬೀದಿ ಕಡೆ ಮಾತ್ರ. ಮೇಷ್ಟ್ರು ಕಿತ್ತ ಕೊಂಬೆಗಳೆಲ್ಲ ತುಂಬಿ ತುಳುಕುತ್ತಿದ್ದವು. ನಾನು ಕಾಪಾಡಿದ ಕಡೆ ಬರೀ ಎಲೆ, ಒಣಗಿದ ಬೀಜದ ಕಾಯಿ.

ಮೇಷ್ಟ್ರು ಪಂಜರವನ್ನೂ ನನ್ನನ್ನೂ ನೋಡಿದರು. "ನಾನು ಕಿತ್ತಿದ್ದಕ್ಕೇ ನಿನ್ನ ಮಾತು ಉಳೀತು ಕಣಯ್ಯಾ."

"ಮೈಸೂರಲ್ಲಿ ಎರಡನೇ ಸಲ ಬಿಡಲ್ಲ ಅಂದೋರು ಯಾರು ಮೇಷ್ಟ್ರೇ?"

ಇಬ್ಬರೂ ಗೆದ್ದೆವು ಎಂದುಕೊಂಡು ಒಳಗೆ ಹೋದೆವು.

ಆ ಭಾನುವಾರ ಬೀದಿ ಕಡೆಗೊಂದು ಬಾಗಿಲು ಕೂರಿಸಿದೆ, ಕೈ ತೂರುವಷ್ಟು. ಅರಳಿದ್ದು ಬೇಕಾದರೆ ಬಾಡಿದ್ದನ್ನೂ ತೆಗೆಯಬೇಕು ಎಂದು ಮೇಷ್ಟ್ರಿಗೆ ಹೇಳಿದೆ.

"ಬಾಡಿದ್ದು ದೇವರಿಗೆ ಆಗಲ್ಲಪ್ಪಾ."

"ದೇವ್ರಿಗಲ್ಲ, ಗಿಡಕ್ಕೆ."

ಈಗ ಮೇಷ್ಟ್ರು ಬೆಳಿಗ್ಗೆ ಎಡಗೈಯಲ್ಲಿ ಬಾಡಿದ್ದನ್ನು ಚಿವುಟಿ ಎಸೆಯುತ್ತಾರೆ, ಬಲಗೈಯಲ್ಲಿ ಅರಳಿದ್ದನ್ನು ಕವರಿಗೆ ಹಾಕಿಕೊಳ್ಳುತ್ತಾರೆ. ಅವರು ಯಾವಾಗ ಬಂದು ಹೋದರೆಂದು ಒಳಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ನಾನು ಕೂರಿಸಿದ ಬಾಗಿಲು ಯಾವತ್ತೂ ಕಿರ್ ಅನ್ನುವುದಿಲ್ಲ.