ಕಂಪ್ರೆಸರಿಗೆ ಕೊಬ್ಬರಿ ಎಣ್ಣೆ

ಮಾರ್ಗಶಿರದ ಚಳಿಯಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯಷ್ಟು ಹಟಮಾರಿಯಾದ ವಸ್ತು ಇನ್ನೊಂದಿಲ್ಲ. ಈ ಬೆಳಿಗ್ಗೆ ಸ್ನಾನಕ್ಕೆ ಮೊದಲು ಅದನ್ನು ತಲೆಕೆಳಗು ಮಾಡಿದೆ, ಬುಡಕ್ಕೆ ತಟ್ಟಿದೆ, ಅಂಗೈಗಳ ನಡುವೆ ಉಜ್ಜಿದೆ, ಕೊನೆಗೆ ಚಮಚದ ಹಿಡಿಯನ್ನು ತೂರಿಸಿ ಗೋರಲು ಹೋಗಿ ಅದನ್ನೂ ಅಲ್ಲೇ ಸಿಕ್ಕಿಸಿಕೊಂಡೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿ ನಿವೃತ್ತನಾದವನ ಯುಕ್ತಿ ಸೀಸೆಯ ಕತ್ತಿನಲ್ಲಿ ಹೀಗೆ ಸಿಕ್ಕಿಬಿದ್ದದ್ದನ್ನು ಯಾರೂ ನೋಡಲಿಲ್ಲವೆಂಬುದೇ ಸಮಾಧಾನ. ಮಡದಿ ನೆಗಡಿಯಾಗಿ ಮುಸುಕೆಳೆದು ಮಲಗಿದ್ದಳು. ಬೇರೆ ದಿನಗಳಲ್ಲಿ ಈ ಎಣ್ಣೆ ಇಷ್ಟು ಮೊಂಡು ಹಿಡಿದದ್ದು ನನಗೆ ನೆನಪಿಲ್ಲ.

ಅರಸೀಕೆರೆಯವರಿಗೆ ಕೊಬ್ಬರಿ ಎಣ್ಣೆಯ ಮೇಲಿರುವ ಭಕ್ತಿಯನ್ನು ಪರವೂರಿನವರಾದ ನಿಮಗೆ ಹೇಗೆ ವಿವರಿಸಲಿ? ಕಿರುಗುಟ್ಟುವ ಬಾಗಿಲಿಗೆ, ತುಕ್ಕು ಹಿಡಿದ ಬೀಗಕ್ಕೆ, ಹೊಲಿಗೆ ಯಂತ್ರಕ್ಕೆ, ಸುಟ್ಟ ಬೆರಳಿಗೆ, ಮುನಿಸಿಕೊಂಡ ಸೈಕಲ್ ಚೈನಿಗೆ ಸಹ ನಮ್ಮಲ್ಲಿ ಅದೊಂದೇ ಔಷಧ. ಪಕ್ಕದ ಮನೆಯಲ್ಲೇ ಇರುವ ನಮ್ಮ ದೊಡ್ಡಪ್ಪ ಈ ಮತದ ಪೀಠಾಧಿಪತಿ. ಹಣೆತುಂಬ ವಿಭೂತಿ ಧರಿಸಿ ಕೊಬ್ಬರಿ ಮಂಡಿಯಲ್ಲಿ ಆಯಸ್ಸು ಕಳೆದ ಅವರು, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿಯೇ ಒಳಗೆ ಕೊಬ್ಬರಿ ಪಕ್ವವಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ದೊಡ್ಡಮ್ಮನಿಗೆ ಗೆಂಡೆಹಳ್ಳಿಗೆ ಹೋಗಲೇಬೇಕಾಯಿತು. ಅಲ್ಲಿ ಅವರ ತಂಗಿ ಹಾಸಿಗೆ ಹಿಡಿದಿದ್ದರು. ಅಕ್ಕನ ಮುಖವನ್ನು ಒಮ್ಮೆ ನೋಡಬೇಕೆಂದು ಹೇಳಿಕಳಿಸುತ್ತಲೇ ಇದ್ದರು. ದೊಡ್ಡಮ್ಮನಿಗೋ ಉಬ್ಬಸ. ದೂಳು, ಬಿಸಿಗಾಳಿ ತಾಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕಿಟಕಿ ಮುಚ್ಚಿ ಏಸಿ ಹಾಕಿದ ಕಾರಾದರೆ ಮಾತ್ರ ಹೋಗಿ ಎಂದಿದ್ದರು ವೈದ್ಯರು. ನನ್ನ ಕಾರಿನ ಏಸಿಯಾದರೋ ಹೆಸರಿಗಷ್ಟೇ ಏಸಿ. ಗುಂಡಿ ಒತ್ತಿದರೆ ಒಲೆಯ ಮುಂದೆ ಕೂತ ಅನುಭವವಾಗುತ್ತಿತ್ತು.

ಮೆಕ್ಯಾನಿಕ್ ರಫೀಕ್ ಕಂಪ್ರೆಸರನ್ನು ಬಿಚ್ಚಿ ನೋಡಿ, ಸೀಲು ಹೋಗಿ ಎಣ್ಣೆಯೆಲ್ಲ ಸೋರಿದೆ ಎಂದ. ಈ ಎಣ್ಣೆ ಗ್ಯಾಸಿನ ಜೊತೆಗೆ ತಣ್ಣನೆಯ ಕೊಳವೆಗಳಲ್ಲೆಲ್ಲ ಸುತ್ತುವುದರಿಂದ, ಕಂಪ್ರೆಸರಿನ ಮೇಲಿನ ಚೀಟಿಯಲ್ಲಿ ಬರೆದ ಜಾತಿಯದನ್ನೇ, ಅಷ್ಟೇ ಅಳತೆಯಲ್ಲಿ ಹಾಕಬೇಕು, ಅದು ಹಾಸನದಿಂದ ಮರುದಿನ ಬರುತ್ತದೆ ಎಂದೂ ಹೇಳಿದ. ಜೊತೆಗಿದ್ದ ದೊಡ್ಡಪ್ಪನಿಗೆ ಈ ಮಾತು ಮೈಗೆ ತಾಗಿತು. ಅರಸೀಕೆರೆಗೆ ಹಾಸನದಿಂದ ಎಣ್ಣೆ ಬರುವುದೆಂದರೇನು? ಸಂಜೆ ಮನೆಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿಕೊಂಡು ಷೆಡ್ಡಿಗೆ ಹೋಗಿ, ರಫೀಕ್ ಚಹಾ ಕುಡಿಯಲು ಎದ್ದ ಹೊತ್ತಿನಲ್ಲಿ, ಬಿಚ್ಚಿಟ್ಟ ಕಂಪ್ರೆಸರಿನ ಬಾಯಿಗೆ ಸುರಿದು ಬಂದರು.

ಅವತ್ತು ರಾತ್ರಿಯ ಊಟಕ್ಕೆ ನಾನು ಅವರ ಮನೆಯಲ್ಲೇ ಇದ್ದೆ. ದೊಡ್ಡಪ್ಪ ತಮ್ಮ ಸಾಹಸವನ್ನು ವರ್ಣಿಸಿ, “ಹಾಸನದ ಎಣ್ಣೆಗೆ ಯಾಕ್ಲಾ ಕಾಯೋದು? ನಮ್ಮನೇದು ಏನಾಗೈತೆ?” ಎಂದರು. ತರ್ಕಶಾಸ್ತ್ರಜ್ಞನಾದ ನಾನು ಹೂಂಗುಟ್ಟಿದೆ. ಸಾರು ಬಡಿಸುತ್ತಿದ್ದ ದೊಡ್ಡಮ್ಮನ ಕೈ ನಿಂತಿತು.

“ಚಳೀಲಿ ನಮ್ಮ ಎಣ್ಣೆ ಕಲ್ಲಾಯ್ತದೆ ಕಣ್ರೀ. ತಣ್ಣಗೆ ಮಾಡೋ ಯಂತ್ರದಾಗೆ ಹೆಂಗೆ ಹರೀತದೆ?”

ನಮ್ಮನೆ ಎಣ್ಣೆ ಯಾವತ್ತು ಗಟ್ಟಿಯಾಗಿದೆ ಎಂದು ದೊಡ್ಡಪ್ಪ ನಿಜವಾಗಿಯೂ ಬೆರಗಿನಿಂದಲೇ ಕೇಳಿದರು. ಚಳಿಗಾಲದಲ್ಲಿ ದಿನಾ ಸೀಸೆಯನ್ನು ಕಾಂಪೌಂಡ್ ಗೋಡೆಯ ಮೇಲೆ ಎಳೆಬಿಸಿಲಿಗಿಟ್ಟು, ಅವರು ಸ್ನಾನಕ್ಕೆ ಬರುವಷ್ಟರಲ್ಲಿ ಬಚ್ಚಲ ಗೂಡಿಗೆ ತಂದಿಡುತ್ತೇನೆಂದು ದೊಡ್ಡಮ್ಮ ಸಾರಿನ ಪಾತ್ರೆಯನ್ನು ನೋಡುತ್ತಾ ಹೇಳಿದರು. ಮಂಡಿಯಲ್ಲಿ ದೊಡ್ಡಪ್ಪ ಕಂಡದ್ದು ಕೊಬ್ಬರಿಯನ್ನು. ಎಣ್ಣೆಯನ್ನು ಕಂಡದ್ದು ಮನೆಯಲ್ಲಿ, ಅದೂ ಕರಗಿದ ಮೇಲೆ.

ಬೆಳಗಾಗುತ್ತಲೇ ಷೆಡ್ಡಿಗೆ ಓಡಿದೆವು. ಪುಣ್ಯಕ್ಕೆ ಕಂಪ್ರೆಸರನ್ನು ಇನ್ನೂ ಕಾರಿಗೆ ಕೂರಿಸಿರಲಿಲ್ಲ. ರಫೀಕ್ ಹೊಟ್ಟೆ ಹಿಡಿದುಕೊಂಡು ನಕ್ಕು, ಎಲ್ಲವನ್ನೂ ಬಗ್ಗಿಸಿ ತೊಳೆದು, ಹೊಸ ಸೀಲು ಕೂರಿಸಿ, ಹಾಸನದಿಂದ ಬಂದ ಅದರದೇ ಎಣ್ಣೆ ಹಾಕಿ, ಗ್ಯಾಸು ತುಂಬಿದ. ಮಾರನೆಯ ದಿನ ಹೊರಟೆವು. ಹಾರನಹಳ್ಳಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಚಳಿಗೆ ಸೆರಗು ಹೊದ್ದುಕೊಂಡಿದ್ದರು.  ಹಳೇಬೀಡಿನ ಕೆರೆ ಕಂಡಾಗ ಮುಂದೆ ಕೂತ ದೊಡ್ಡಪ್ಪ ತಟ್ಟನೆ ಹಿಂದಕ್ಕೆ ತಿರುಗಿ ಕೇಳಿದರು:

“ಉಬ್ಬಸ ಇಟ್ಕೊಂಡು ಆ ಚಳೀಲಿ ಸೀಸೆ ಇಡಾಕೆ ಹೊರಕ್ಕೆ ಹೋಗ್ತಿದ್ಯಾ?”

“ಬಿಸಿಲು ಒಳಕ್ಕೆ ಬತ್ತದಾ?” ಎಂದರು ದೊಡ್ಡಮ್ಮ.

ದೊಡ್ಡಪ್ಪ ಕೈ ಚಾಚಿ ಏಸಿಯ ಗಾಳಿಯನ್ನು ತಗ್ಗಿಸಿದರು. 

ಗೆಂಡೆಹಳ್ಳಿಯಲ್ಲಿ ದೊಡ್ಡಮ್ಮ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮನೆಯಿಂದ ತಂದ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಸಣ್ಣ ಜಡೆ ಹೆಣೆದರು. ಇಬ್ಬರೂ ಅಳುತ್ತಲೇ ಯಾವುದೋ ಹಳೆಯ ಮೇಷ್ಟರನ್ನು ಅಣಕಿಸಿ ನಗುತ್ತಿದ್ದರು. ತಂಗಿ ಆ ಮಳೆಗಾಲವನ್ನು ದಾಟಲಿಲ್ಲ. 

ಆ ವರ್ಷ ಚಳಿ ಬಿದ್ದೊಡನೆ ದೊಡ್ಡಪ್ಪ ಮಫ್ಲರ್ ಸುತ್ತಿಕೊಂಡು ತಾವೇ ಸೀಸೆಯನ್ನು ಗೋಡೆಯ ಮೇಲಿಡತೊಡಗಿದರು. ದೊಡ್ಡಮ್ಮ ಹೊರಬರುವಂತಿರಲಿಲ್ಲ, ಅದು ಅವರ ಕಟ್ಟಪ್ಪಣೆ. ಕಳೆದ ಶ್ರಾವಣದಲ್ಲಿ ದೊಡ್ಡಮ್ಮ ಹೋಗಿಬಿಟ್ಟರು.

ಇದನ್ನೆಲ್ಲ ನೆನೆಯುತ್ತಾ, ಮಡದಿ ಏಳುವ ಮೊದಲೇ ಕರಗಲೆಂದು, ಚಮಚ ಸಿಕ್ಕಿಕೊಂಡ ನನ್ನ ಸೀಸೆಯನ್ನು ಕಾಂಪೌಂಡಿಗೆ ಒಯ್ದೆ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಆಗಲೇ ದೊಡ್ಡಪ್ಪ ಇಟ್ಟ ಸೀಸೆ ಬಿಸಿಲಿಗೆ ಕೂತಿತ್ತು. ನನ್ನದನ್ನು ಅದರ ಪಕ್ಕದಲ್ಲಿಟ್ಟೆ. ದೊಡ್ಡಪ್ಪನ ತಲೆಯಲ್ಲಿ ಈಗ ಎಣ್ಣೆ ಬೇಡುವಷ್ಟು ಕೂದಲಿಲ್ಲ.