ಅಕ್ಕನ ಗಿಟಾರು, ನಾನು ಆರಿಸಿದ ಪೆಟ್ಟಿಗೆ

ಅಕ್ಕ ಗಿಟಾರಿನ ಹೆಗಲಿಗೆ ಗದ್ದ ಊರಿ ಬಾರಿಸುತ್ತಿದ್ದಳು. ಊರಿ ಊರಿ ಕಟ್ಟಿಗೆಯ ಮೆರುಗು ಹೋಗಿ ಅಲ್ಲೊಂದು ಹುಣಸೆಬೀಜದ ಬಣ್ಣದ ಕಲೆ ಬಿದ್ದಿತ್ತು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕೆನ್ನೆಯಿಂದ ಇಳಿದು ಅದರಲ್ಲಿ ಇಂಗಿತ್ತು. ಯಾಕೆ ಹಾಗೆ ಕೂರುತ್ತೀ ಎಂದು ಕೇಳಿದರೆ, "ಹಿಂಗ ಕುಂತ್ರ ದನಿ ಎಲುವಿನ್ಯಾಗ ಹಾಯ್ದು ಬರತೈತಿ. ಕಿವಿಗೆ ಬರೂದು ಅರ್ಧಾ ಅಷ್ಟ," ಎನ್ನುತ್ತಿದ್ದಳು. ಪೂರ್ತಿ ದನಿಯನ್ನು ಬೇರೆಯವರಿಗೆ ಕೇಳಿಸುವುದು ಹೇಗೆ ಎನ್ನುವುದೇ ಆಕೆಗಿದ್ದ ಚಿಂತೆ. ಅದಕ್ಕೊಂದು ಒಳ್ಳೆಯ ಆಂಪ್ಲಿಫಯರ್ ಆರಿಸಿ ತರುವ ಕೆಲಸವನ್ನು ನನಗೆ ಒಪ್ಪಿಸಿದ್ದಳು. ನಾನು ಅದನ್ನು ಕೆಡಿಸಿದೆ. ತಿಳಿಯದೆ ಕೆಡಿಸಿದ್ದಲ್ಲ.

ನಮ್ಮದು ಸಂಶಿ. ಅಪ್ಪ ಬೇಗ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ಅಕ್ಕ, ನಾನು ಮೂವರೇ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ, ಅಕ್ಕ ಓದಿದಳು. ಧಾರವಾಡದಲ್ಲಿ ಶಿಕ್ಷಕಿಯ ತರಬೇತಿಗೆ ಇದ್ದಾಗ ಹಾಸ್ಟೆಲಿನ ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಆಕೆಗೆ ಗಿಟಾರು ಕಲಿಸಿದರಂತೆ. ಅವರು ತಮ್ಮೂರಿಗೆ ಹೊರಟಾಗ ಗಿಟಾರನ್ನು ಇವಳ ಕೈಗೇ ಕೊಟ್ಟು ಹೋದರು. ಹಳೆಯ ಪತ್ತಲದ ಸೀರೆಯಿಂದ ಹೊಲಿದ ಗವಸು ಹಾಕಿ ಅದನ್ನು ಬಸ್ಸಿನಿಂದ ಇಳಿಸಿದಾಗ ನಮ್ಮ ಓಣಿಯ ಕಾಕಾ ಒಬ್ಬರು ಕಟ್ಟೆಯ ಮೇಲಿಂದಲೇ ಕೂಗಿದರು: "ಏನವಾ ಇದು, ಕುಂಬಳಕಾಯಿಗೆ ಅಂಗಿ ಹೊಲಿಸೀಯಲ್ಲ?"

"ಹೌದ್ರಿ ಕಾಕಾ, ಹಾಡೂ ಕುಂಬಳಕಾಯಿ. ಸಂಜೀಕ ಬರ್ರಿ, ಕೇಳೀರಂತ," ಎಂದಳು ಅಕ್ಕ.

ಯಾರ ಮುಂದೆಯೂ ದನಿ ತಗ್ಗಿಸಿದವಳಲ್ಲ. ಗಂಡಿನ ಕಡೆಯವರು ನೋಡಲು ಬಂದರೆ ಅವರಿಗೆ ಆಕೆಯದು ಒಂದೇ ಪ್ರಶ್ನೆ: "ಇದನ್ನ ಬಾರಸಾಕ ಬಿಡತೀರೇನ್ರಿ?" ಹಾಡು ಗೀಡು ಮದುವೆಗೆ ಮುಂಚೆ ಚಂದ ಎಂದು ಯಾರೋ ನಕ್ಕರು. "ಹಂಗಾರ ಚಹಾ ಕುಡದು ಹೋಗ್ರಿ," ಎಂದು ಎದ್ದು ಒಳಗೆ ಹೋದಳು. ಅವ್ವ ಮೂರು ದಿನ ಮಾತು ಬಿಟ್ಟಿದ್ದಳು.

ನಮ್ಮೂರಿಂದ ಎರಡು ಮೈಲಿ ದೂರದ ಹಳ್ಳಿಯ ಶಾಲೆಯಲ್ಲಿ ಆಕೆಗೆ ಕೆಲಸವಾಯಿತು. ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಮೂರು ಇಯತ್ತೆಗಳು. ಅಕ್ಕ ಅಲ್ಲಿ ಮಗ್ಗಿಗಳನ್ನು ಗಿಟಾರಿಗೆ ಕೂಡಿಸಿದಳು. ಒಂದೊಂದು ಮಗ್ಗಿಗೆ ಒಂದೊಂದು ಧಾಟಿ. ಎರಡರದ್ದು ಬೀಸುವ ಕಲ್ಲಿನ ಹಾಗೆ ಸುತ್ತುತ್ತಿತ್ತು, ಏಳರದ್ದು ಚಕ್ಕಡಿ ಓಡಿದ ಹಾಗೆ ಕುಲುಕುತ್ತಿತ್ತು. ಬಾಯಿಪಾಠವೆಂದರೆ ಅಳುತ್ತಿದ್ದ ಮಕ್ಕಳು ಕುಣಿಯುತ್ತ ಹತ್ತರವರೆಗೆ ಹೇಳುತ್ತಿದ್ದವು. ಆದರೆ ಮುಂದೆ ಕುಳಿತವು ಮಾತ್ರ. ಹಿಂದಿನ ಸಾಲುಗಳಿಗೆ ಗಿಟಾರು ಮುಟ್ಟುತ್ತಲೇ ಇರಲಿಲ್ಲ, ಅಲ್ಲಿಯ ಮಕ್ಕಳು ಎಡವುತ್ತಿದ್ದವು.

ಶಾಲೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಇದನ್ನು ಕಂಡು ಬೆರಗಾದರು. ಕುಂದಗೋಳದಲ್ಲಿ ತಾಲೂಕಿನ ಶಿಕ್ಷಕರೆಲ್ಲ ಸೇರುವ ದಿನ ಮಾಡಿ ತೋರಿಸಿರಿ, ಮೇಲಿನವರಿಗೆ ಒಪ್ಪಿಗೆಯಾದರೆ ಊರೂರಿಗೆ ಕಳಿಸಿ ಎಲ್ಲ ಶಿಕ್ಷಕರಿಗೂ ಕಲಿಸುವ ಏರ್ಪಾಡು ಮಾಡೋಣ ಎಂದರು. ಅಕ್ಕನಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಎರಡು ವರ್ಷ ಕೂಡಿಟ್ಟಿದ್ದನ್ನು ತೆಗೆದು ನನ್ನ ಮುಂದೆ ಇಟ್ಟಳು.

ನನ್ನ ಬಳಿಗೆ ಬರಲು ಕಾರಣವಿತ್ತು. ನಾನು ಸಂಶಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಮದುವೆ, ಸೀಮಂತ, ಚುನಾವಣೆ, ಎಲ್ಲಕ್ಕೂ ನನ್ನದೇ ಸೆಟ್ಟು. ನಮ್ಮ ಧಂದೆಯಲ್ಲಿ ಆಂಪ್ಲಿಫಯರಿನ ಗುಣ ಅಳೆಯುವ ರೀತಿ ಒಂದೇ: ಒಬ್ಬ ಹಾಡು ಹಚ್ಚುವುದು, ಇನ್ನೊಬ್ಬ ಹೊಲದಲ್ಲಿ ನಡೆಯುತ್ತ ಹೋಗುವುದು, ಎಲ್ಲಿಯವರೆಗೆ ಕೇಳಿಸಿತೋ ಅಷ್ಟು ಬೆಲೆ. ಎರಿ ನೆಲದ ಬಯಲಿನಲ್ಲಿ ದನಿಗೆ ಅಡ್ಡ ಏನೂ ಇಲ್ಲ. ಮುಂದಿನ ಊರಿಗೆ ಕೇಳಿಸದಿದ್ದರೆ ಬೀಗರು, "ಇದೇನು ಲಗ್ನೋ, ಸತ್ತವರ ದಿವಸಾನೋ?" ಎಂದು ಕೇಳುತ್ತಿದ್ದರು.

ಅಕ್ಕ ಈ ಲೆಕ್ಕವನ್ನೆಲ್ಲ ಅಳಿಸಿ ಹಾಕಿದಳು. ಆಕೆಗೆ ಪರೀಕ್ಷೆಯ ಕೆಲಸವಿತ್ತು, ಹುಬ್ಬಳ್ಳಿಗೆ ಬರುವಂತಿರಲಿಲ್ಲ. ಗಿಟಾರನ್ನೂ, ಅದರ ಹೊಟ್ಟೆಗೆ ಅಂಟಿಸಿದರೆ ದನಿಯನ್ನು ವಾಯರಿಗೆ ದಾಟಿಸುವ, ಅಂಗಿಗುಂಡಿಯಷ್ಟು ದೊಡ್ಡ ಪಿಕಪ್ಪನ್ನೂ ನನಗೆ ಕೊಟ್ಟು ಕೂರಿಸಿ ಹೇಳಿದಳು: "ತಮ್ಮಾ, ಒದರೂದು ನೋಡಬ್ಯಾಡ. ಸಣ್ಣಗ ಇಟ್ಟು ಕೇಳು. ದಪ್ಪ ತಂತಿ ಮೀಟು, ಕಣ್ಣ ಮುಚ್ಚು. ಕಟ್ಟಿಗಿ ದನಿ ಬಂದ್ರ ಅದನ್ನ ತಗೊ. ತಗಡಿನ ದನಿ ಬಂದ್ರ, ಪುಕ್ಕಟ ಕೊಟ್ರೂ ಬಿಟ್ಟು ಬಾ."

ಇಂದಿಗೂ ನಾನು ಬಲ್ಲ ಅತ್ಯುತ್ತಮ ಪರೀಕ್ಷೆ ಅದೇ. ವ್ಯಾಟು ಎಷ್ಟು ಎಂದು ಕೇಳುವವರಿಗೆ ಗಿಟಾರಿನ ಆಂಪ್ಲಿಫಯರ್ ಆರಿಸಲು ಬರುವುದಿಲ್ಲ.

ಹುಬ್ಬಳ್ಳಿಯ ಅಂಗಡಿಯಲ್ಲಿ ಹೆಚ್ಚು ಕಡಿಮೆ ಒಂದೇ ಬೆಲೆಗೆ ಎರಡು ತೋರಿಸಿದರು. ಒಂದು ಮೊಣಕಾಲೆತ್ತರದ ಕಟ್ಟಿಗೆಯ ಪೆಟ್ಟಿಗೆ, ಸ್ಪೀಕರು ಅದರೊಳಗೇ. ಇನ್ನೊಂದು ಕಬ್ಬಿಣದ ಡಬ್ಬಿ, ಜೊತೆಗೆ ಎರಡು ಅಗಲ ಬಾಯಿಯ ಹಾರ್ನು ಸ್ಪೀಕರು, ಕರೆಂಟಿಗೂ ಬ್ಯಾಟರಿಗೂ ನಡೆಯುವಂಥದ್ದು. ಅಕ್ಕ ಹೇಳಿದ ಹಾಗೆಯೇ ಮಾಡಿದೆ. ಕಟ್ಟಿಗೆಯ ಪೆಟ್ಟಿಗೆಯಲ್ಲಿ ದಪ್ಪ ತಂತಿ ಮೀಟಿದಾಗ ನಮ್ಮ ಪಡಸಾಲೆಯಲ್ಲಿ ಅಕ್ಕ ಕುಳಿತಂತೆಯೇ ಇತ್ತು. ಹಾರ್ನಿನಲ್ಲಿ ಅದೇ ತಂತಿ ತಾಟು ಬಡಿದಂತೆ ಕೇಳಿಸಿತು. ಸಂಶಯಕ್ಕೆ ಎಡೆಯೇ ಇರಲಿಲ್ಲ.

"ಮನ್ಯಾಗ ಕುಂತು ಕೇಳಾಕ ಆ ಪೆಟಗಿ ಛಲೋ. ಅದ ದುಡ್ಡಿಗೆ ಇದು ನಾಕು ಪಟ್ಟು ಒದರತೈತಿ ನೋಡ್ರಿ," ಎಂದ ಅಂಗಡಿಯವನು.

ನನ್ನ ಹಳೆಯ ಸೆಟ್ಟು ಕೆಮ್ಮತೊಡಗಿತ್ತು. ಲಗ್ನದ ಹಂಗಾಮು ಎದುರಿಗಿತ್ತು. ಚಕ್ಕಡಿಯ ಮೇಲೆ ಮೆರವಣಿಗೆಗೆ ಬ್ಯಾಟರಿಯದೇ ಬೇಕು. ಅಕ್ಕನಿಗೆ ಆ ಒಂದು ದಿನ, ಉಳಿದ ದಿನ ನನಗೆ ಎಂದುಕೊಂಡೆ. ಇನ್ನೊಂದನ್ನೂ ಹೇಳಿಬಿಡಬೇಕು. ಓದಿದವಳು ಆಕೆ, ಆಕೆಗಿಂತ ನಾನು ಹೆಚ್ಚು ಬಲ್ಲೆನೆಂದು ಹೆಮ್ಮೆಪಡುತ್ತಿದ್ದುದು ಈ ಒಂದೇ ವಿಷಯ. ಅದರಲ್ಲೂ ಆಕೆಯೇ ನನಗೆ ಪಾಠ ಹೇಳಿದ್ದಳು. ಹಾರ್ನು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

"ಎರಡೂ ಕೇಳಿದೇನೋ?" ಎಂದಳು.

"ಕೇಳಿದೆ ಯಕ್ಕಾ. ಇದ ಛಲೋ ಇತ್ತು."

"ಕಟ್ಟಿಗಿ ದನಿ?"

"ಅಗದಿ ಕಟ್ಟಿಗಿ ದನಿ."

ಆಕೆ ನಂಬಿದಳು. ಮರುದಿನ ಶಾಲೆಯಲ್ಲಿ ಹಚ್ಚಿದರೆ ಮಕ್ಕಳು ಕಿವಿ ಮುಚ್ಚಿಕೊಂಡವು. ತಮ್ಮ ಆರಿಸಿದ್ದು ತಪ್ಪಾಗಿರಬಹುದು ಎಂಬ ಯೋಚನೆ ಆಕೆಗೆ ಬರಲೇ ಇಲ್ಲ. ತನ್ನ ಬೆರಳಿನ ತಪ್ಪು ಎಂದುಕೊಂಡಳು. ತಂತಿ ಬದಲಿಸಿದಳು, ಉಗುರು ಕತ್ತರಿಸಿಕೊಂಡಳು, ಹಾರ್ನಿನ ಬಾಯಿಗೆ ಅವ್ವನ ಕೌದಿ ತುರುಕಿದಳು. "ಅದಕ್ಕೇನು ಥಂಡಿ ಆಗೇತೇನಬೇ?" ಎಂದು ಅವ್ವ ನಕ್ಕಳು, ಅಕ್ಕನೂ ನಕ್ಕಳು. ನಾನು ಬ್ಯಾಟರಿ ನೋಡುವ ನೆಪದಲ್ಲಿ ಹೊರಗೆ ಹೋದೆ.

ಕುಂದಗೋಳದ ಶಾಲೆಯ ಅಂಗಳದಲ್ಲಿ ಆ ದಿನ ಇನ್ನೂರು ಶಿಕ್ಷಕರಾದರೂ ಇದ್ದರು. ಅಕ್ಕ ಏಳರ ಮಗ್ಗಿ ಹಿಡಿದಳು. ತಾಟು ಬಡಿದಂಥ ಸದ್ದು, ಅದರ ಹಿಂದೆಯೇ ಹಾರ್ನು ಸಿಳ್ಳು ಹಾಕಿ ಕೂಗತೊಡಗಿತು. ಕಡಿಮೆ ಮಾಡಿದರೆ ಏನೂ ಕೇಳಿಸದು, ಏರಿಸಿದರೆ ಕೂಗು. ಹಿಂದಿನಿಂದ ಒಬ್ಬ, "ಅಕ್ಕೋರ, ಬಸ್ ಬಂತರಿ, ಬಾಜೂಕ ಸರೀರಿ," ಎಂದ. ಅಂಗಳವೆಲ್ಲ ನಕ್ಕಿತು. ಅಕ್ಕ ತಾನೇ ವಾಯರು ಕಿತ್ತು, ಬರಿಯ ಗಿಟಾರಿನಲ್ಲಿ ಮಗ್ಗಿಯನ್ನು ಕೊನೆಯವರೆಗೆ ಹಾಡಿ ಮುಗಿಸಿದಳು. ಮೊದಲ ಎರಡು ಸಾಲಿನವರಿಗೆ ಕೇಳಿಸಿರಬಹುದು. ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿಗಳು, "ಹಾಡು ಚಂದ ಐತ್ರಿ. ಆದ್ರ ಸಾಲಿಗೆ ಇದು ಆಗೂದಲ್ಲ," ಎಂದರು. ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಾನೇನೋ ಹೇಳಲು ಬಾಯಿ ತೆರೆದೆ. ಆಕೆಯೇ ಮೊದಲು ಮಾತಾಡಿದಳು.

"ಪೆಟಗೀದೇನು ತಪ್ಪಿಲ್ಲ ಬಿಡೋ. ಕೈ ನಂದ ಸರಿ ಇಲ್ಲ. ಎದುರಿಗೆ ಕುಂತವರಿಗೆ ಚಂದ ಕಂಡ್ರ ಬಾರಸಾಕ ಬಂತು ಅಂತಲ್ಲ."

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಬಾಯಿ ಮುಚ್ಚಿದೆ. ಗಿಟಾರು ಗವಸಿನೊಳಗೆ ಗೂಟಕ್ಕೆ ಏರಿತು. ಆರು ವರ್ಷ ಆಕೆ ಅದನ್ನು ಇಳಿಸಲಿಲ್ಲ. ಮಕ್ಕಳಿಗೆ ಎಲ್ಲರ ಹಾಗೆ ಬಾಯಿಪಾಠ ಹೇಳಿಸಿದಳು. ಆ ಹಾರ್ನು ಮಾತ್ರ ಸುತ್ತಲಿನ ಊರುಗಳ ಎಲ್ಲ ಮದುವೆಗಳಲ್ಲೂ ಕೂಗಿತು. ನನಗೆ ಒಳ್ಳೆಯ ಹೆಸರೂ ಬಂತು.

ಆರನೆಯ ವರ್ಷ ಅಕ್ಕನಿಗೆ ಹೃದಯದ ತೊಂದರೆ ಎಂದರು. ರಜೆ ಹಾಕಿ ಮನೆಯಲ್ಲಿ ಕುಳಿತಳು. ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾ ನಿಲ್ಲಿಸಿದವರೊಬ್ಬರು ತಮ್ಮ ಸಾಮಾನು ಮಾರುತ್ತಿದ್ದರು. ಅದರಲ್ಲಿ ಅಂದು ನಾನು ಬಿಟ್ಟು ಬಂದಂಥದ್ದೇ ಕಟ್ಟಿಗೆಯ ಪೆಟ್ಟಿಗೆ ಇತ್ತು. ತಂದು, ಗಿಟಾರು ಇಳಿಸಿ, ಒರೆಸಿ, ಜೋಡಿಸಿ ಆಕೆಯ ಮುಂದಿಟ್ಟೆ. ಬೆಳಗಿನ ಹೊತ್ತು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಅಕ್ಕ ಒಲ್ಲೆ ಒಲ್ಲೆ ಎನ್ನುತ್ತಲೇ ದಪ್ಪ ತಂತಿಯನ್ನು ಒಮ್ಮೆ ಮೀಟಿದಳು. ದನಿ ಪೂರ್ತಿ ಆರುವವರೆಗೆ ಅಲುಗಾಡಲಿಲ್ಲ. ಇನ್ನೊಮ್ಮೆ ಮೀಟಿದಳು. ಆಮೇಲೆ ನನ್ನನ್ನು ನೋಡಿದಳು.

"ಇಂಥಾದು ಆವತ್ತೂ ಅಂಗಡ್ಯಾಗ ಇತ್ತೇನೋ?"

"ಇತ್ತು."

"ಎರಡರ ಫರಕು ನಿನಗ ಕೇಳಿಸಿತ್ತೇನು?"

"ಕೇಳಿಸಿತ್ತು ಯಕ್ಕಾ."

"ಮತ್ತ?"

"ಲಗ್ನದ ಹಂಗಾಮು ಬಂದಿತ್ತು."

ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿ ಕುಳಿತೆ. ಅಕ್ಕ ಎದ್ದದ್ದು ಗೊತ್ತಾಯಿತು. ಆದರೆ ಆಕೆ ಹೋದದ್ದು ಅಡಿಗೆಮನೆಯ ಬಾಗಿಲಿಗೆ. ಪರೀಕ್ಷೆ ಪಾಸಾದ ಹುಡುಗಿಯ ದನಿಯಲ್ಲಿ ಕೂಗಿ ಹೇಳಿದಳು: "ಯವ್ವಾ, ಕೇಳಿಲ್ಲೆ! ಕೈ ನಂದು ಸರೀನ ಇತ್ತಂತ!"

ಆ ದಿನದಿಂದ ಓಣಿಯ ಮಕ್ಕಳೆಲ್ಲ ಸಂಜೆ ನಮ್ಮ ಪಡಸಾಲೆಗೆ ಬರತೊಡಗಿದವು. ಹಿಂದೆ ಹತ್ತಕ್ಕೆ ನಿಂತಿದ್ದ ಕೆಲಸವನ್ನು ಅಕ್ಕ ಹನ್ನೊಂದರಿಂದ ಎತ್ತಿಕೊಂಡಳು. ಹಳೆಯದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ತಡೆಯಲಾರದೆ ಒಂದು ದಿನ ನಾನೇ, "ಯಕ್ಕಾ, ಒಂದ ಮಾತರ ಬೈಯಿ ನನಗ," ಎಂದೆ.

"ಬೈಯಾಕ ಪುರುಸೊತ್ತಿಲ್ಲಲೇ ತಮ್ಮಾ," ಎಂದಳು ತಂತಿ ಬಿಗಿಯುತ್ತ. "ಹದಿಮೂರರ ಮಗ್ಗಿ ಧಾಟಿಗೆ ಕುಂಡ್ರವಲ್ದು."

ಹದಿಮೂರು ಕುಳಿತಿತು. ಹದಿನಾಲ್ಕು ಶುರುವಾಗುವ ಮುನ್ನ ಅಕ್ಕ ಹೋದಳು. ನಮ್ಮ ಓಣಿಯ ಮಕ್ಕಳು ಎಷ್ಟೋ ವರ್ಷ ಹದಿಮೂರರವರೆಗೆ ಹಾಡುತ್ತಿದ್ದರು. ಅಲ್ಲಿಂದ ಇಪ್ಪತ್ತರವರೆಗೆ, ಒಮ್ಮೆಲೇ ದನಿ ಇಳಿಸಿ, ಬರಿಯ ಬಾಯಿಪಾಠ ಒಪ್ಪಿಸುತ್ತಿದ್ದರು. ಮಾಸ್ತರರು ಯಾಕೆ ಹೀಗೆ ಎಂದು ಕೇಳಿದರೆ, ಮುಂದಿನದಕ್ಕೆ ಹಾಡಿಲ್ಲ ಎನ್ನುತ್ತಿದ್ದರಂತೆ. ಹಾಡು ಇಲ್ಲದ್ದು ಯಾಕೆ ಎಂಬುದನ್ನು ಮಾಸ್ತರರಿಗೆ ನಾನು ಹೇಳಬೇಕಿತ್ತು. ಇಲ್ಲಿ ಹೇಳಿದ್ದೇನೆ.