ಕೊಟ್ರಮ್ಮನ ಬಾಯಡುಗೆ

ನಮ್ಮ ಬೀಗತಿ, ಕೋಗಳಿಯ ಕೊಟ್ರಮ್ಮ ಮಾಡುವ ಸಾರಿಗೆ ಉಪ್ಪೇ ಇರುವುದಿಲ್ಲ. ಇದು ಚಾಡಿಯಲ್ಲ, ಬೇಕಾದರೆ ಅವಳ ಸೊಸೆಯನ್ನು ಕೇಳಿ. ಒಲೆ ಮುಂದೆ ಕೂತು ಮಾತು ಶುರು ಹಚ್ಚಿಕೊಂಡಳೆಂದರೆ ಉಪ್ಪಿನ ಡಬ್ಬಿ ಇದ್ದಲ್ಲೇ ಇರುತ್ತದೆ. ಇನ್ನು ನನ್ನ ಕೈರುಚಿ ಹರಪನಹಳ್ಳಿಯ ನಮ್ಮ ಓಣಿಗೆಲ್ಲ ಗೊತ್ತು. ಅಂಥ ನನ್ನನ್ನು ಈ ಉಪ್ಪಿಲ್ಲದ ಹೆಂಗಸು ಅಡುಗೆಯಲ್ಲೇ ಸೋಲಿಸಿದಳು. ಹೊಟ್ಟೆ ಉರಿಯದೆ ಏನಾದೀತು?

ವೇಣಿ ನನಗೆ ಮಗನ ಮಗಳು, ಕೊಟ್ರಮ್ಮನಿಗೆ ಮಗಳ ಮಗಳು. ಹುಡುಗಿ ಸೈಕಲ್ಲಿನಿಂದ ಬಿದ್ದಾಗ ಹ್ಯಾಂಡಲ್ ಹೊಟ್ಟೆಗೆ ಬಡಿದು ಒಳಗೆ ಲಿವರ್ ಸೀಳಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ರಕ್ತವೇನೋ ನಿಂತಿತು. ಆದರೆ ಪಕ್ಕೆಗೆ ಹಾಕಿದ ನಳಿಕೆಯಿಂದ ಹಸಿರು ನೀರು ಚೀಲಕ್ಕೆ ಇಳಿಯುವುದು ನಿಲ್ಲಲಿಲ್ಲ.

"ಪಿತ್ತ ಸೋರ್ತಾ ಇದೆ," ಎಂದರು ಡಾಕ್ಟರು.

ನಮ್ಮಲ್ಲಿ ಪಿತ್ತ ಎಂದರೆ ತಲೆ ತಿರುಗಿ ಬಾಯಿ ಕಹಿಯಾಗುವುದು, ಅಷ್ಟೇ. "ಪಿತ್ತಾನಾ? ಜೀರಿಗಿ ಕಷಾಯ ಕಾಸ್ಕೊಂಡು ಬರ್ತೀನಿ, ತಡೀರಿ ಸಾರ್," ಎಂದು ಎದ್ದೇಬಿಟ್ಟೆ.

ಡಾಕ್ಟರು ನಗುತ್ತ ನನ್ನನ್ನು ಕೂರಿಸಿದರು. "ಇದು ಆ ಪಿತ್ತ ಅಲ್ಲಮ್ಮ. ಲಿವರ್‌ನಲ್ಲಿ ಹುಟ್ಟಿ ಕರುಳಿಗೆ ಹೋಗಬೇಕಾದ ರಸ, ಸೀಳಿನಿಂದ ಆಚೆ ಬರ್ತಿದೆ. ಬಾಯಿಂದ ಕ್ಯಾಮೆರಾ ಪೈಪು ಇಳಿಸಿ, ಆ ರಸದ ದಾರಿಯಲ್ಲಿ ಸಣ್ಣ ನಳಿಕೆ ಇಡ್ತೀವಿ. ಸಲೀಸಾಗಿ ಕರುಳಿಗೆ ಇಳಿದರೆ ಸೀಳಿನ ಕಡೆ ನುಗ್ಗಲ್ಲ, ಗಾಯ ತಾನೇ ಮಾಯುತ್ತೆ. ಹೊಟ್ಟೆ ಕೊಯ್ಯೋದೇನೂ ಬೇಡ. ಆದರೆ ಅಲ್ಲೀವರೆಗೆ ಬಾಯಿಗೆ ಹನಿ ನೀರೂ ಹಾಕಬೇಡಿ."

"ಅಜ್ಜೀ, ಹೊಟ್ಟಿ ಹಸದೈತಿ," ಎಂದು ವೇಣಿ ಅಳತೊಡಗಿದಳು. ಉಣ್ಣಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಕೈಕಟ್ಟಿ ನಿಂತೆ. ಕೊಟ್ರಮ್ಮ ಮಂಚ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತಳು.

"ಅಳಬ್ಯಾಡ ನನ ಬಂಗಾರ. ಬಾಯಾಗ ಅಡಿಗಿ ಮಾಡಾನು. ಇಗಾ, ಬಾಣಲಿ ಇಟ್ಟೆ. ಎಣ್ಣಿ ಕಾದೈತೇನು ನೋಡು."

ವೇಣಿ ಕಣ್ಣೊರೆಸಿಕೊಂಡು ಹಾಸಿಗೆಯ ಮೇಲೆ ಕೈ ಹಿಡಿದು ನೋಡಿದಳು. "ಇನ್ನಾ ಕಾದಿಲ್ಲ."

"ಈಗ ಕಾತು. ಸಾಸಿವಿ ಚಟಚಟಾ ಅಂದ್ವು, ಉಳ್ಳಾಗಡ್ಡಿ ಕೆಂಪಾತು. ಮಂಡಕ್ಕಿ ತೊಯ್ಸಿ, ಹಿಂಡಿ ಹಾಕಿದೆ. ಅಯ್ಯ, ಏನೋ ಮರತೆನಲ್ಲ?"

"ಉಪ್ಪು!"

"ನನ ಮರವಿಗೆ ಬೆಂಕಿ ಬೀಳ್ಲಿ! ನೀ ಇದ್ದಿ ಅಂತ ಆತವಾ."

ಪಕ್ಕದ ಮಂಚದ ಮುದುಕಿ, "ನನಗೂ ಒಂದೀಟು ಹಾಕ್ರೆವಾ," ಎಂದಳು. ನನಗೆ ತಡೆಯಲಾಗಲಿಲ್ಲ. "ಶೇಂಗಾ ಹಾಕೇ ಇಲ್ಲ, ಅದೆಂಥ ಒಗ್ಗರಣಿ?" ಎಂದೆ.

"ಅಕ್ಕಾ, ನಮ್ಮ ಬಾಣಲಿಗೆ ನೀವ್ಯಾಕ ಕೈ ಹಾಕ್ತೀರಿ?"

ವೇಣಿ ಪಕ್ಕೆ ಹಿಡಿದುಕೊಂಡು ನಕ್ಕಳು. ಆಸ್ಪತ್ರೆ ಸೇರಿದ ಮೇಲೆ ನಕ್ಕಿದ್ದು ಅದೇ ಮೊದಲು, ಅದೂ ನನ್ನನ್ನು ನೋಡಿ. ಪೈಪು ಇಳಿಸಲು ಒಳಗೆ ಕರೆದೊಯ್ಯುವಾಗಲೂ, "ಕೋಗಳಿ ಅಜ್ಜಿ, ಒಲಿ ಆರಸಬ್ಯಾಡ, ಬರ್ತೀನಿ," ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬಾಗಿಲು ಮುಚ್ಚಿತು. ಕೊಟ್ರಮ್ಮ ಗೋಡೆಗೆ ಒರಗಿ ಕೂತಳು. ತುಟಿ ಅಲುಗುತ್ತಿತ್ತು. ದೇವರ ಜಪವೆಂದುಕೊಂಡು ಕಿವಿಗೊಟ್ಟರೆ, "ಸಣ್ಣ ಉರಿ, ಸಣ್ಣ ಉರಿ," ಎನ್ನುತ್ತಿದ್ದಳು. ಕೈ ಮುಟ್ಟಿದೆ, ತಣ್ಣಗಿತ್ತು. ಬಿಡಲಿಲ್ಲ ಅವಳು, ನನ್ನ ಬೆರಳು ನೋಯುವಷ್ಟು ಗಟ್ಟಿಯಾಗಿ ಹಿಡಿದಳು.

ಚೀಲದ ಹಸಿರು ನೀರು ದಿನದಿನಕ್ಕೂ ಕಡಿಮೆಯಾಗಿ ಒಂದು ದಿನ ನಿಂತೇಹೋಯಿತು! ಪಕ್ಕೆಯ ನಳಿಕೆ ತೆಗೆದರು. ಕೆಲವು ವಾರ ಬಿಟ್ಟು, ಒಳಗಿಟ್ಟಿದ್ದ ಸಣ್ಣ ನಳಿಕೆಯನ್ನೂ ಬಾಯಿಂದಲೇ ಹೊರತೆಗೆದರು. ನನ್ನ ಮೊಮ್ಮಗಳು ಎದ್ದು ಓಡಾಡುತ್ತಾಳೆ ಎಂದು ಓಣಿಗೆಲ್ಲ ಪೇಢೆ ಹಂಚಿದೆ, ಗುರುತಿಲ್ಲದವರಿಗೂ ಕರೆದು ಕೊಟ್ಟೆ.

ಅಲ್ಲಿಯವರೆಗೆ ನಮ್ಮಲ್ಲೇ ಇದ್ದ ಕೊಟ್ರಮ್ಮ ಮೊನ್ನೆ ಊರಿಗೆ ಹೊರಟಳು. ಬಸ್‌ಸ್ಟ್ಯಾಂಡಿಗೆ ನಾನೇ ಬಿಡಲು ಹೋದೆ, ಎಲ್ಲಿ ಬಸ್ಸು ತಪ್ಪಿಸಿಕೊಂಡು ಉಳಿದಾಳೋ ಎಂದು! ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನ ನಿಮ್ಮ ಕೈಯಡಿಗಿ ಉಣ್ತಾಳ ಬಿಡ್ರಿ ಅಕ್ಕಾ, ನನ್ನ ಬಾಯಡಿಗಿ ಮುಗೀತು," ಎಂದಳು.

ಆ ಸಂಜೆ ಕೈತುಂಬ ಶೇಂಗಾ ಹಾಕಿ ಮಂಡಕ್ಕಿ ಒಗ್ಗರಣೆ ಮಾಡಿದೆ. ವೇಣಿ ತಟ್ಟೆ ಬಳಿದು ತಿಂದಳು. ನನ್ನ ಜೀವ ಹೂವಾಯಿತು. ಆಮೇಲೆ ತೊಡೆಯ ಮೇಲೆ ಒರಗಿ, "ಅಜ್ಜಿ, ಈಗ ಬಾಯಾಗ ಮಾಡು," ಎಂದಳು.

ಮಾಡದೆ ಬಿಟ್ಟೇನೆ? ಬಾಣಲಿ ಇಟ್ಟೆ, ಎಣ್ಣೆ ಕಾಸಿದೆ, ಸಾಸಿವೆ ಸಿಡಿಸಿದೆ, ಶೇಂಗಾ ಹುರಿದೆ. ಒಂದೂ ಬಿಡಲಿಲ್ಲ. "ತಗಾ ನನ ಬಂಗಾರ, ಉಣ್ಣು."

ವೇಣಿ ಕಣ್ಣು ಮುಚ್ಚಿ ಅಗಿದಳು. ಮುಖ ಕಿವುಚಿದಳು.

"ಅಜ್ಜೀ, ಉಪ್ಪು ಹಾಕೇ ಇಲ್ಲ. ಕೋಗಳಿ ಅಜ್ಜಿ ಆಗಿದ್ರ ನನ್ನ ಕೇಳ್ತಿದ್ಲು."